ಒಂದು ಕೈಪಿಡಿ, ಆರು ಯಂತ್ರ

ಐಬಿಎಂ 1401 ಕಂಪ್ಯೂಟರ್ 1959ರಲ್ಲಿ ಬಂದಾಗ ಅದಕ್ಕೆ ಮುಗಿಬಿದ್ದವರು ವಿಜ್ಞಾನಿಗಳಲ್ಲ. ವಿಮಾ ಕಂಪನಿಗಳು, ಬ್ಯಾಂಕುಗಳು, ಸಗಟು ವ್ಯಾಪಾರಿಗಳು, ಕಾರ್ಖಾನೆಗಳ ಲೆಕ್ಕಪತ್ರ ವಿಭಾಗಗಳು. ಸಂಬಳದ ಪಟ್ಟಿ, ಗೋದಾಮಿನ ದಾಸ್ತಾನು, ಗಿರಾಕಿಗಳ ಬಾಕಿ, ಇವೇ ಅದರ ದಿನನಿತ್ಯದ ಕೆಲಸ. ಕಾರ್ಡುಗಳಲ್ಲಿ ರಂಧ್ರ ಕೊರೆದು ಬರೆದ ಲೆಕ್ಕವನ್ನು ಓದುವುದು, ಕೂಡಿ ಕಳೆಯುವುದು, ಮುದ್ರಿಸುವುದು. ಅಂಥ ಯಂತ್ರಗಳು ಹತ್ತು ಸಾವಿರಕ್ಕೂ ಹೆಚ್ಚು ಬಿಕರಿಯಾದವು, ಬಾಡಿಗೆಗೆ ಹೋದವು. ಅದರ ಮೆಮೊರಿಯಲ್ಲಿ ಎಷ್ಟು ತುಂಬಿದರೂ ಹಿಡಿಯುತ್ತಿದ್ದುದು 16,000 ಅಕ್ಷರ ಮಾತ್ರ. ಅಷ್ಟರಲ್ಲೇ ಆ ಕಾಲದ ಪ್ರೋಗ್ರಾಮರುಗಳು ದೊಡ್ಡ ದೊಡ್ಡ ಕಂಪನಿಗಳ ಹಣಕಾಸನ್ನು ನಡೆಸಿದರು.

ತೊಂದರೆ ಶುರುವಾಗುತ್ತಿದ್ದುದು ವ್ಯಾಪಾರ ಬೆಳೆದಾಗ. 1401 ಸಾಲದಾದರೆ ಮುಂದಿನ ಮೆಟ್ಟಿಲು ಐಬಿಎಂನದೇ 7070 ಅಥವಾ 7080. ಆದರೆ ಅವುಗಳ ಒಳಭಾಷೆ ಬೇರೆ. 1401ಕ್ಕೆ ಬರೆದ ಒಂದು ಸಾಲೂ ಅಲ್ಲಿ ನಡೆಯದು. ವಿಜ್ಞಾನದ ಲೆಕ್ಕಕ್ಕೆಂದೇ ಮಾಡಿದ 7090 ಇನ್ನೂ ದೂರ: ಅದು 36 ಬಿಟ್‌ಗಳ ದ್ವಿಮಾನ ಯಂತ್ರ, 1401 ಒಂದೊಂದೇ ದಶಮಾಂಶ ಅಂಕಿಯನ್ನು ಎತ್ತಿಕೊಂಡು ಲೆಕ್ಕ ಹಾಕುವ ಯಂತ್ರ. ಹೊಸ ಯಂತ್ರ ಕೊಂಡವರು ವರ್ಷಗಟ್ಟಲೆ ಬರೆದು, ತಿದ್ದಿ, ಪಳಗಿಸಿದ್ದ ಪ್ರೋಗ್ರಾಂಗಳನ್ನು ಬದಿಗಿಟ್ಟು ಮತ್ತೆ ಮೊದಲಿಂದ ಬರೆಯಬೇಕಿತ್ತು. ಆ ಪ್ರೋಗ್ರಾಂಗಳಲ್ಲಿ ಕಂಪನಿಯ ಬಡ್ಡಿಯ ನಿಯಮ, ರಜೆಯ ನಿಯಮ, ರಿಯಾಯಿತಿಯ ನಿಯಮ ಎಲ್ಲವೂ ಅಡಗಿರುತ್ತಿದ್ದವು. ಎಷ್ಟೋ ಸಲ ಅವನ್ನು ಬೇರೆಲ್ಲೂ ಪೂರ್ತಿಯಾಗಿ ಬರೆದಿಟ್ಟಿರುತ್ತಿರಲಿಲ್ಲ. ಹಾಗೆ ಮತ್ತೆ ಬರೆಯುವುದೇ ಆದರೆ ಐಬಿಎಂ ಬಿಟ್ಟು ಬೇರೆ ಕಂಪನಿಯ ಯಂತ್ರವನ್ನೇ ಏಕೆ ಕೊಳ್ಳಬಾರದು ಎಂದು ಗಿರಾಕಿ ಯೋಚಿಸುವುದು ಸಹಜ. ಐಬಿಎಂನ ಒಳಗಿದ್ದವರಿಗೂ ಈ ಅಪಾಯ ಕಾಣುತ್ತಿತ್ತು.

ಅದಕ್ಕೆ ಉತ್ತರವಾಗಿ ಬಂದದ್ದು ಸಿಸ್ಟಮ್/360. ಹೊಸ ಯಂತ್ರಗಳ ಒಂದೇ ವಂಶವನ್ನು ಕಟ್ಟಬೇಕು, ಹಳೆಯ ಕವಲುಗಳನ್ನೆಲ್ಲ ನಿಲ್ಲಿಸಬೇಕು ಎಂಬ ಶಿಫಾರಸು ಕಂಪನಿಯೊಳಗಿನ ಒಂದು ಸಮಿತಿಯಿಂದ 1961ರ ಕೊನೆಯಲ್ಲಿ ಬಂತು. ಅದರ ಬೆನ್ನಿಗಿದ್ದವರು ಕಂಪನಿಯ ಹಿರಿಯ ಅಧಿಕಾರಿ ಬಾಬ್ ಇವಾನ್ಸ್. ಅದಕ್ಕೂ ಮುಂಚೆ ಐಬಿಎಂನವರೇ ಆದ ಫ್ರೆಡ್ ಬ್ರೂಕ್ಸ್ ಅವರು 8000 ಎಂಬ ಬೇರೊಂದು ಸರಣಿಗಾಗಿ ಹಟ ಹಿಡಿದು ವಾದಿಸುತ್ತಿದ್ದರು. ಇವಾನ್ಸ್ ಆ ಯೋಜನೆಯನ್ನು ರದ್ದು ಮಾಡಿದರು. ಆಮೇಲೆ ಹೊಸ ಯೋಜನೆಯ ಮುಂದಾಳತ್ವವನ್ನು ಅದೇ ಬ್ರೂಕ್ಸ್‌ಗೆ ಒಪ್ಪಿಸಿದರು. ತನ್ನನ್ನು ಎದುರಿಸಿ ವಾದಿಸಿದವನ ಕೈಗೇ ಕಂಪನಿಯ ಭವಿಷ್ಯ ಕೊಡುವುದು ದೊಡ್ಡತನದ ಮಾತು. ಬ್ರೂಕ್ಸ್ ಜೊತೆ ಜೀನ್ ಆಮ್ಡಾಲ್ ಮತ್ತು ಗೆರಿಟ್ ಬ್ಲಾವ್ ಸೇರಿದರು. ಒಟ್ಟು ಖರ್ಚು ಸುಮಾರು 500 ಕೋಟಿ ಡಾಲರ್ ಎಂಬುದು ಎಲ್ಲರೂ ಹೇಳುವ ಲೆಕ್ಕ. 1964ರ ಏಪ್ರಿಲ್ 7ರಂದು ಐಬಿಎಂ ಒಂದೇ ದಿನ ಆರು ಮಾದರಿಗಳನ್ನು ಘೋಷಿಸಿತು. ಅತಿ ಚಿಕ್ಕದಕ್ಕೂ ಅತಿ ದೊಡ್ಡದಕ್ಕೂ ವೇಗದಲ್ಲಿ ಸುಮಾರು 50 ಪಟ್ಟು ಅಂತರ. ಆದರೂ ಚಿಕ್ಕದರಲ್ಲಿ ಓಡಿದ ಪ್ರೋಗ್ರಾಂ ಸಾಕಷ್ಟು ಮೆಮೊರಿ ಮತ್ತು ಅದೇ ಉಪಕರಣಗಳಿದ್ದರೆ ದೊಡ್ಡದರಲ್ಲೂ ಹಾಗೆಯೇ ಓಡಬೇಕು, ಅದೇ ಉತ್ತರ ಕೊಡಬೇಕು.

ಇದನ್ನು ಸಾಧಿಸಿದ ಬಗೆಯ ಮೇಲೆ ನನಗೆ ಅಪಾರ ಗೌರವ. ಆಮ್ಡಾಲ್, ಬ್ಲಾವ್, ಬ್ರೂಕ್ಸ್ ಮೂವರೂ ಸೇರಿ ಅದೇ ತಿಂಗಳು ಪ್ರಕಟಿಸಿದ ಪ್ರಬಂಧದಲ್ಲಿ ‘ಆರ್ಕಿಟೆಕ್ಚರ್’ ಎಂಬುದಕ್ಕೆ ಒಂದು ನಿಖರ ಅರ್ಥ ಕೊಟ್ಟರು: ಪ್ರೋಗ್ರಾಮರ್ ಕಣ್ಣಿಗೆ ಯಂತ್ರ ಹೇಗೆ ಕಾಣುತ್ತದೋ ಅಷ್ಟೇ ಆರ್ಕಿಟೆಕ್ಚರ್, ಒಳಗೆ ಸರ್ಕ್ಯೂಟುಗಳನ್ನು ಹೇಗೆ ಜೋಡಿಸಿದ್ದಾರೆ ಎಂಬುದು ಅದರಲ್ಲಿ ಸೇರದು. ಬ್ಲಾವ್ ಅವರು ಇದಕ್ಕೆ ಗಡಿಯಾರದ ಉದಾಹರಣೆ ಕೊಡುತ್ತಿದ್ದರು. ಮುಖಫಲಕ, ಮುಳ್ಳುಗಳು, ಕೀಲಿ ಕೊಡುವ ಗುಬುಟು, ಇಷ್ಟನ್ನು ಬಲ್ಲ ಮಗು ಕೈಗಡಿಯಾರದಲ್ಲೂ ಗಂಟೆ ಹೇಳುತ್ತದೆ, ಗೋಪುರದ ಗಡಿಯಾರದಲ್ಲೂ ಹೇಳುತ್ತದೆ. ಒಳಗಿನ ಹಲ್ಲುಚಕ್ರಗಳು ಬೇರೆ ಬೇರೆ. ಮುಖಫಲಕವನ್ನು ಮೊದಲು ತೀರ್ಮಾನಿಸಿ ಬರೆದಿಡಿ, ಆಮೇಲೆ ಒಬ್ಬೊಬ್ಬ ಎಂಜಿನಿಯರ್ ತನ್ನ ಯಂತ್ರದ ಬೆಲೆಗೆ ತಕ್ಕ ಹಲ್ಲುಚಕ್ರ ಜೋಡಿಸಿಕೊಳ್ಳಲಿ. ಹಾಗೆ ಬರೆದಿಟ್ಟದ್ದೇ ‘ಪ್ರಿನ್ಸಿಪಲ್ಸ್ ಆಫ್ ಆಪರೇಷನ್’ ಎಂಬ ಕೈಪಿಡಿ.

ಆ ಕೈಪಿಡಿಯ ಒಂದೇ ಒಂದು ಆದೇಶವನ್ನು ಹತ್ತಿರದಿಂದ ನೋಡೋಣ. ಅದರ ಹೆಸರು ಆಡ್ ಡೆಸಿಮಲ್. ಪ್ರೋಗ್ರಾಮರುಗಳು ಬರೆಯುವುದು ‘ಎಪಿ’ ಎಂದು. ಯಂತ್ರದೊಳಗೆ ಅದರ ಸಂಕೇತ ‘ಎಫ್ಎ’.

1,250 ರೂಪಾಯಿ 75 ಪೈಸೆಯನ್ನು ಯಂತ್ರದಲ್ಲಿ ಇಡಬೇಕು. ಪೈಸೆಗಳಲ್ಲಿ 1,25,075. ಒಂದು ಬೈಟ್‌ನಲ್ಲಿ ಎಂಟು ಬಿಟ್. ಒಂದು ದಶಮಾಂಶ ಅಂಕಿಗೆ ನಾಲ್ಕೇ ಬಿಟ್ ಸಾಕು. ಹಾಗಾಗಿ ಬೈಟ್ ಒಂದಕ್ಕೆ ಎರಡು ಅಂಕಿ. ಕೊನೆಯ ಅರ್ಧ ಬೈಟ್ ಧನವೋ ಋಣವೋ ಎಂಬ ಗುರುತಿಗೆ ಮೀಸಲು: ‘ಸಿ’ ಅಂದರೆ ಜಮಾ, ‘ಡಿ’ ಅಂದರೆ ಖರ್ಚು. ಆಗ ನಮ್ಮ ಮೊತ್ತ ನಾಲ್ಕು ಬೈಟ್‌ಗಳಲ್ಲಿ ಹೀಗೆ ಕೂರುತ್ತದೆ: 01, 25, 07, 5ಸಿ. ಹೀಗೆ 16 ಬೈಟ್‌ಗಳವರೆಗೆ, ಎಂದರೆ 31 ಅಂಕಿಗಳವರೆಗೆ ಬರೆಯಬಹುದು. ಯಾವ ದೇಶದ ಆಯವ್ಯಯವಾದರೂ ಪೈಸೆ ಸಮೇತ ಹಿಡಿಯುತ್ತದೆ.

ಇಷ್ಟು ಕಷ್ಟಪಟ್ಟು ದಶಮಾಂಶವನ್ನೇ ಏಕೆ ಉಳಿಸಿಕೊಳ್ಳಬೇಕಿತ್ತು? ಹತ್ತು ಪೈಸೆ ಎಂದರೆ ರೂಪಾಯಿಯ ಹತ್ತನೇ ಒಂದು ಭಾಗ. ಅದನ್ನು ದ್ವಿಮಾನ ಭಿನ್ನರಾಶಿಯಾಗಿ ಬರೆಯಹೊರಟರೆ ಅದು ಮುಗಿಯುವುದೇ ಇಲ್ಲ. ಮೂರನೇ ಒಂದನ್ನು ದಶಮಾಂಶದಲ್ಲಿ ಬರೆಯಹೊರಟಾಗ ಆಗುವಂತೆ, ಅಂಕಿಗಳು ಮರುಕಳಿಸುತ್ತಲೇ ಹೋಗುತ್ತವೆ. ಎಲ್ಲೋ ಕತ್ತರಿಸಲೇಬೇಕು. ರಾಕೆಟ್ ಪಥದ ಲೆಕ್ಕದಲ್ಲಿ ಆ ಚೂರು ನಗಣ್ಯ. ಲಕ್ಷಾಂತರ ಖಾತೆಗಳ ಬಡ್ಡಿಯನ್ನು ಕೂಡಿಸಿ ತಾಳೆ ನೋಡುವಾಗ ಅದು ನಗಣ್ಯವಲ್ಲ, ಏಕೆಂದರೆ ಲೆಕ್ಕಪರಿಶೋಧಕರಿಗೆ ಒಂದು ಪೈಸೆ ತಪ್ಪಿದರೂ ತಪ್ಪೇ. ಎಲ್ಲವನ್ನೂ ಪೈಸೆಗಳಾಗಿ ಮಾಡಿ ಪೂರ್ಣಾಂಕಗಳಲ್ಲಿ ದ್ವಿಮಾನದಲ್ಲೇ ಇಡಬಹುದಲ್ಲ ಎಂದು ಕೇಳಬಹುದು. ಇಡಬಹುದು. ಆದರೆ ವ್ಯಾಪಾರದ ಪ್ರೋಗ್ರಾಂ ಓದುವುದು ಬಹಳ, ಲೆಕ್ಕ ಮಾಡುವುದು ಸ್ವಲ್ಪ, ಮುದ್ರಿಸುವುದು ಬಹಳ. ಕಾರ್ಡಿನಲ್ಲಿ ಬರುವುದೂ ದಶಮಾಂಶ, ಚೆಕ್ಕಿನ ಮೇಲೆ ಹೋಗುವುದೂ ದಶಮಾಂಶ. ನಡುವಿನ ಒಂದು ಸಂಕಲನಕ್ಕಾಗಿ ಎರಡೆರಡು ಸಲ ಪರಿವರ್ತನೆ ಮಾಡುವುದು ಆ ಕಾಲದ ನಿಧಾನಗತಿಯ ಯಂತ್ರಗಳಿಗೆ ದುಬಾರಿ.

ಚೆಕ್ ಎಂದಾಗ ನೆನಪಾಯಿತು. ಮೊತ್ತವನ್ನು ಮುದ್ರಣಕ್ಕೆ ಸಜ್ಜುಗೊಳಿಸಲೆಂದೇ ಒಂದು ಆದೇಶ ಈ ಯಂತ್ರದಲ್ಲಿತ್ತು, ಹೆಸರು ಎಡಿಟ್. ಪ್ರೋಗ್ರಾಮರ್ ಕೊಟ್ಟ ನಮೂನೆಯಂತೆ ಅಲ್ಪವಿರಾಮ ಹಾಕಿ, ಎಡಗಡೆಯ ಅನಗತ್ಯ ಸೊನ್ನೆಗಳನ್ನು ತೆಗೆದು, ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ತುಂಬುವುದು ಅದರ ಕೆಲಸ. ಖಾಲಿ ಜಾಗ ಬಿಟ್ಟರೆ ಚೆಕ್ಕಿನಲ್ಲಿ ಯಾರಾದರೂ ಅಂಕಿ ಸೇರಿಸಿಯಾರು. ಅಲ್ಪವಿರಾಮ ಎಲ್ಲಿ ಬೀಳಬೇಕೆಂದು ನಮೂನೆಯೇ ಹೇಳುವುದರಿಂದ, ನಮ್ಮ ಲಕ್ಷ–ಕೋಟಿಯ ಲೆಕ್ಕಕ್ಕೂ ಅದು ಹೊಂದುತ್ತಿತ್ತು. ಗುಮಾಸ್ತೆಯ ಮೇಜಿನ ಮೇಲಿನ ಎಚ್ಚರಿಕೆಯೊಂದನ್ನು ಯಂತ್ರದ ಒಂದೇ ಆದೇಶವಾಗಿ ಇಳಿಸಿದ ಆ ಗಮನ ನನಗೆ ತುಂಬ ಇಷ್ಟ.

ಮತ್ತೆ ಎಪಿಗೆ ಬರೋಣ. ಅತಿ ಚಿಕ್ಕ ಮಾದರಿ 30ರಲ್ಲಿ ಒಮ್ಮೆಗೆ ಎಂಟು ಬಿಟ್ ಮಾತ್ರ ಹಾಯಬಲ್ಲ ದಾರಿ ಇತ್ತು. ಅದು ಬಲತುದಿಯಿಂದ ಹೊರಟು ಒಂದೊಂದೇ ಬೈಟ್, ಎಂದರೆ ಎರಡೆರಡೇ ಅಂಕಿ ಕೂಡಿಸುತ್ತ, ಕೈಯಲ್ಲಿ ಉಳಿದದ್ದನ್ನು ಮುಂದಕ್ಕೆ ಒಯ್ಯುತ್ತ ಎಡಕ್ಕೆ ಸರಿಯುತ್ತಿತ್ತು. ಕೈಪಿಡಿಯ ಪ್ರಕಾರ ಪ್ರೋಗ್ರಾಮರ್‌ಗೆ, ಲೆಕ್ಕದ ನಡುವೆ ಸಂಖ್ಯೆಗಳನ್ನು ಇಟ್ಟುಕೊಳ್ಳಲು, 16 ರಿಜಿಸ್ಟರ್‌ಗಳಿವೆ. ಮಾದರಿ 30ರಲ್ಲಿ ಆ ರಿಜಿಸ್ಟರ್‌ಗಳಿಗೆ ಪ್ರತ್ಯೇಕ ಸರ್ಕ್ಯೂಟ್ ಇರಲಿಲ್ಲ, ಖರ್ಚು ಉಳಿಸಲು ಅವನ್ನೂ ಕೋರ್ ಮೆಮೊರಿಯ ಒಂದು ಮೂಲೆಯಲ್ಲೇ ಇಟ್ಟಿದ್ದರು. ದೊಡ್ಡ ಮಾದರಿಗಳು ಮೆಮೊರಿಯಿಂದ ಒಂದೇ ಸಲಕ್ಕೆ ಎಂಟು ಬೈಟ್ ಎಳೆದುಕೊಳ್ಳುತ್ತಿದ್ದವು, ಅವುಗಳ ರಿಜಿಸ್ಟರ್‌ಗಳು ವೇಗದ ಸರ್ಕ್ಯೂಟುಗಳೇ ಆಗಿದ್ದವು. ಪ್ರೋಗ್ರಾಂಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಗೊತ್ತಾಗಬಾರದು ಎಂಬುದೇ ಕರಾರು.

ಕರಾರು ಬಿಗಿಯಾಗಿರಬೇಕಾದರೆ ಕೈಪಿಡಿ ಎಲ್ಲ ಸಂದರ್ಭಗಳನ್ನೂ ಮೊದಲೇ ಯೋಚಿಸಿರಬೇಕು. ಕೂಡಿದಾಗ ಸೊನ್ನೆ ಬಂದರೆ ಅದರ ಗುರುತು ಧನವೋ ಋಣವೋ? ಧನ ಎನ್ನುತ್ತದೆ ಕೈಪಿಡಿ. ಉತ್ತರ ಕೊಟ್ಟ ಜಾಗದಲ್ಲಿ ಹಿಡಿಸದೆ ಎಡಗಡೆಯ ಅಂಕಿಗಳು ಬಿದ್ದುಹೋಗಿ, ಉಳಿದದ್ದು ಸೊನ್ನೆಯಾದರೆ? ಆಗ ಮಾತ್ರ ನಿಜವಾದ ಉತ್ತರದ ಗುರುತೇ ಉಳಿಯಬೇಕು. ಅಂಕಿ ಇರಬೇಕಾದ ಕಡೆ ಅಂಕಿಯಲ್ಲದ್ದೇನೋ ಇದ್ದರೆ? ಕೆಲಸ ನಿಲ್ಲಿಸಿ, ಕಾರಣ ಸಂಖ್ಯೆ 7 ಎಂದು ಬರೆದು, ಮೇಲ್ವಿಚಾರಕ ಪ್ರೋಗ್ರಾಂಗೆ ಒಪ್ಪಿಸಬೇಕು. ಇಂಥ ಮೂಲೆಗಳನ್ನು ಒಂದು ಪ್ರಯೋಗಾಲಯ ಒಂದು ರೀತಿ, ಇನ್ನೊಂದು ಮತ್ತೊಂದು ರೀತಿ ಅರ್ಥ ಮಾಡಿಕೊಂಡಿದ್ದರೆ ಇಡೀ ವಂಶವೇ ಒಡೆದುಹೋಗುತ್ತಿತ್ತು. ಮಾದರಿ 30 ತಯಾರಾದದ್ದು ನ್ಯೂಯಾರ್ಕ್ ರಾಜ್ಯದ ಎಂಡಿಕಾಟ್‌ನಲ್ಲಿ, ಮಾದರಿ 40 ಇಂಗ್ಲೆಂಡಿನ ಹರ್ಸ್ಲಿಯಲ್ಲಿ. ನಡುವೆ ಅಟ್ಲಾಂಟಿಕ್ ಸಾಗರ.

ಅಗ್ಗದ ಯಂತ್ರವೊಂದು ದುಬಾರಿ ಯಂತ್ರದ ಆದೇಶಗಳನ್ನೆಲ್ಲ ಪಾಲಿಸುವುದು ಸಾಧ್ಯವಾದದ್ದು ಮೈಕ್ರೋಕೋಡ್‌ನಿಂದ. ಬ್ರಿಟನ್ನಿನ ಮಾರಿಸ್ ವಿಲ್ಕ್ಸ್ ಈ ಉಪಾಯವನ್ನು 1951ರಲ್ಲೇ ಮುಂದಿಟ್ಟಿದ್ದರು. ಹೊರಗಿನ ಒಂದೊಂದು ಆದೇಶವನ್ನೂ ಒಳಗೆ ಹತ್ತಾರು ಪುಟ್ಟ ಹೆಜ್ಜೆಗಳಾಗಿ ಒಡೆದು, ಆ ಹೆಜ್ಜೆಗಳನ್ನು ಬದಲಾಗದ ಮೆಮೊರಿಯೊಂದರಲ್ಲಿ ಬರೆದಿಡುವುದು. ಸರ್ಕ್ಯೂಟು ಸರಳವಾಗಿದ್ದರೂ ಹೆಜ್ಜೆಗಳ ಪಟ್ಟಿ ಉದ್ದವಾದರೆ ಸಾಕು, ಕೆಲಸ ನಡೆಯುತ್ತದೆ. ಹೊತ್ತು ಮಾತ್ರ ಹೆಚ್ಚು ಹಿಡಿಯುತ್ತದೆ. ಮಾದರಿ 30ರಲ್ಲಿ ಈ ಪಟ್ಟಿ ಇದ್ದದ್ದು ಮೈಲಾರ್ ಪ್ಲಾಸ್ಟಿಕ್ಕಿನ ಕಾರ್ಡುಗಳಲ್ಲಿ, ಅದೂ ಎಲ್ಲರಿಗೂ ಪರಿಚಿತವಾಗಿದ್ದ ರಂಧ್ರದ ಕಾರ್ಡಿನದೇ ಅಳತೆ. ರಂಧ್ರ ಇದ್ದ ಕಡೆ ಒಂದು ಬಗೆ, ಇಲ್ಲದ ಕಡೆ ಇನ್ನೊಂದು ಬಗೆ ವಿದ್ಯುತ್ ಸಂಕೇತ. ಯಂತ್ರದ ನಡವಳಿಕೆ ತಿದ್ದಬೇಕೆಂದರೆ ಎಂಜಿನಿಯರ್ ಬಂದು ಕಾರ್ಡು ಬದಲಿಸುತ್ತಿದ್ದ. ವೇಗವೇ ಮುಖ್ಯವಾದ ಮಾದರಿ 75ರಲ್ಲಿ ಮೈಕ್ರೋಕೋಡ್ ಇರಲಿಲ್ಲ. ಅಲ್ಲಿ ನೇರ ಸರ್ಕ್ಯೂಟುಗಳೇ.

ಮೈಕ್ರೋಕೋಡ್ ಇನ್ನೊಂದು ಸಂಕಟವನ್ನೂ ನೀಗಿಸಿತು. 1963ರ ಡಿಸೆಂಬರಿನಲ್ಲಿ ಹನಿವೆಲ್ ಕಂಪನಿ ತನ್ನ 200 ಎಂಬ ಯಂತ್ರವನ್ನು ಹೊರತಂದು, 1401ರ ಪ್ರೋಗ್ರಾಂಗಳನ್ನು ಇದಕ್ಕೆ ಸುಲಭವಾಗಿ ಸಾಗಿಸಿಕೊಳ್ಳಬಹುದು ಎಂದು ಸಾರಿತು. ಐಬಿಎಂ ಒಳಗೆ ಗಾಬರಿಯಾಯಿತು. 360 ಎಷ್ಟೇ ಚೆನ್ನಾಗಿರಲಿ, 1401ರ ಪ್ರೋಗ್ರಾಂಗಳಿಗೆ ಅದೂ ಪರಕೀಯವೇ. ಆಗ ಎಂಜಿನಿಯರುಗಳು ಮಾದರಿ 30ರ ಮೈಕ್ರೋಕೋಡ್‌ನಲ್ಲೇ 1401ರ ಆದೇಶಗಳನ್ನೂ ಸೇರಿಸಿಬಿಟ್ಟರು. ಹಳೆಯ ಸಂಬಳದ ಪ್ರೋಗ್ರಾಂ ಹೊಸ ಯಂತ್ರದಲ್ಲಿ, ಅಸಲಿ 1401ಕ್ಕಿಂತ ಚುರುಕಾಗಿ ಓಡಿತು. 360 ಉಳಿದುಕೊಂಡದ್ದು ಹೊಸತನದಿಂದ ಎಷ್ಟೋ, ಹಳೆಯದಕ್ಕೆ ಕೊಟ್ಟ ಈ ಮರ್ಯಾದೆಯಿಂದಲೂ ಅಷ್ಟೇ ಎಂದು ನಾನು ತಿಳಿಯುತ್ತೇನೆ.

ಎಂಟು ಬಿಟ್‌ನ ಬೈಟ್ ಇಂದು ಎಲ್ಲರಿಗೂ ಸಹಜವಾಗಿ ಕಾಣುತ್ತದೆ. ಅದೂ ಇಲ್ಲಿ ಜಗಳವಾಡಿ ಗೆದ್ದದ್ದೇ. ಅಂದಿನ ರೂಢಿ ಆರು ಬಿಟ್. ದೊಡ್ಡಕ್ಷರದ ಇಂಗ್ಲಿಷಿಗೆ ಅದು ಸಾಕಿತ್ತು, ಆಮ್ಡಾಲ್ ಅದರ ಪರ. ಚಿಕ್ಕಕ್ಷರಗಳೂ ಬೇಕಾಗುವ ದಿನ ಬರುತ್ತದೆ ಎಂದು ಬ್ರೂಕ್ಸ್ ಎಂಟಕ್ಕೆ ಪಟ್ಟು ಹಿಡಿದರು. ಎಂಟರಲ್ಲಿ ಎರಡು ದಶಮಾಂಶ ಅಂಕಿ ಹಿಡಿಯುವುದೂ ಸೇರಿ ವಾದ ಗಟ್ಟಿಯಾಯಿತು.

ಮುದ್ರಕ, ಟೇಪು, ಡಿಸ್ಕುಗಳನ್ನು ಜೋಡಿಸುವ ವಿಧಾನವನ್ನೂ ಎಲ್ಲ ಮಾದರಿಗಳಿಗೆ ಒಂದೇ ಮಾಡಿದರು. ಚಾನೆಲ್ ಎಂಬ ಪ್ರತ್ಯೇಕ ಘಟಕ ಆ ಉಪಕರಣಗಳ ಜೊತೆ ವ್ಯವಹಾರ ನೋಡಿಕೊಳ್ಳುವಾಗ ಮುಖ್ಯ ಪ್ರೊಸೆಸರ್ ಬೇರೆ ಲೆಕ್ಕ ಮಾಡುತ್ತಿರಬಹುದು. ಒಂದು ಪ್ರೋಗ್ರಾಂ ಇನ್ನೊಂದರ ಮೆಮೊರಿಯನ್ನು ಕೆಡಿಸದಂತೆ 2,048 ಬೈಟ್‌ಗಳ ಒಂದೊಂದು ತುಂಡಿಗೂ ಒಂದು ಕೀಲಿ ಸಂಖ್ಯೆ ಕೊಡುವ ಏರ್ಪಾಡಿತ್ತು. ಪ್ರತಿ ಬೈಟ್ ಜೊತೆ ತಪ್ಪು ಪತ್ತೆಗೆ ಒಂಬತ್ತನೆಯ ಬಿಟ್.

ಸಾಫ್ಟ್‌ವೇರ್ ಮಾತ್ರ ಇಷ್ಟು ಸುಲಭವಾಗಿ ಕೈಗೆ ಬರಲಿಲ್ಲ. 360ರ ಆಪರೇಟಿಂಗ್ ಸಿಸ್ಟಮ್ ಓಎಸ್/360 ತಡವಾಯಿತು, ಹಿಗ್ಗಿತು, ದೋಷಗಳಿಂದ ಕಾಡಿತು. ಅದಕ್ಕೆ ಸುಮಾರು 5,000 ಮಾನವ-ವರ್ಷಗಳ ದುಡಿಮೆ ಹೋಯಿತೆಂದು ಬ್ರೂಕ್ಸ್ ಅವರೇ ಅಂದಾಜು ಮಾಡಿದ್ದಾರೆ. ಆ ಅನುಭವದಿಂದ ಹುಟ್ಟಿದ ಅವರ 1975ರ ಪುಸ್ತಕ ‘ದಿ ಮಿಥಿಕಲ್ ಮ್ಯಾನ್-ಮಂತ್’ ಬೆಂಗಳೂರಿನ ಎಷ್ಟೋ ಪ್ರಾಜೆಕ್ಟ್ ಮ್ಯಾನೇಜರುಗಳ ಕಪಾಟಿನಲ್ಲಿದೆ.

ಆರ್ಕಿಟೆಕ್ಚರ್‌ನಲ್ಲೂ ಒಂದು ಬಿರುಕು ಉಳಿದಿತ್ತು. ಮೆಮೊರಿಯ ವಿಳಾಸಕ್ಕೆ ಅವರು 24 ಬಿಟ್ ಇಟ್ಟರು. ಅದರಿಂದ 1,67,77,216 ಬೈಟ್‌ಗಳನ್ನು ಗುರುತಿಸಬಹುದು. 1964ರಲ್ಲಿ ಅದು ಯಾರೂ ತುಂಬಿಸಲಾಗದಷ್ಟು ದೊಡ್ಡ ಕಣಜ. ಆದರೆ ರಿಜಿಸ್ಟರ್ 32 ಬಿಟ್‌ನದು. ವಿಳಾಸ ಕೂತ ಮೇಲೆ ಮೇಲ್ತುದಿಯ ಎಂಟು ಬಿಟ್ ಖಾಲಿ, ಅವನ್ನು ಯಂತ್ರ ಗಮನಿಸುವುದೇ ಇಲ್ಲ. ಮೆಮೊರಿ ಬಂಗಾರದಂತಿದ್ದ ಕಾಲ. ಪ್ರೋಗ್ರಾಮರುಗಳು ಆ ಖಾಲಿ ಜಾಗದಲ್ಲಿ ತಮ್ಮ ಸಣ್ಣಪುಟ್ಟ ಗುರುತುಗಳನ್ನು ಬರೆದಿಡತೊಡಗಿದರು, ಐಬಿಎಂನ ಸ್ವಂತ ಪ್ರೋಗ್ರಾಮರುಗಳೂ ಸೇರಿ. ಮುಂದೆ ವಿಳಾಸವನ್ನು ಹಿಗ್ಗಿಸಬೇಕಾಗಿ ಬಂದಾಗ ಆ ಗುರುತುಗಳು ವಿಳಾಸದ ಭಾಗವೆಂದು ಓದಿಸಿಕೊಂಡು ಎಲ್ಲವೂ ಕೆಡುವ ಪರಿಸ್ಥಿತಿ. 1980ರ ದಶಕದ ಆರಂಭದಲ್ಲಿ ಐಬಿಎಂ ಮಧ್ಯದ ದಾರಿ ಹಿಡಿಯಿತು. ಹಳೆಯ ಪ್ರೋಗ್ರಾಂಗೆ 24 ಬಿಟ್, ಹೊಸದಕ್ಕೆ 31. ಮಿಕ್ಕ ಒಂದು ಬಿಟ್ ಯಾವ ಬಗೆಯ ಪ್ರೋಗ್ರಾಂ ಎಂದು ಹೇಳಲು. 2000ದಲ್ಲಿ 64 ಬಿಟ್ ಬಂತು, ಹಳೆಯ ಎರಡೂ ಹಾಗೆಯೇ ಉಳಿದವು. ಇಂದಿಗೂ ಮೇನ್‌ಫ್ರೇಮ್ ಕೆಲಸಗಾರರು ಒಂದು ಪ್ರೋಗ್ರಾಂ 16 ಮೆಗಾಬೈಟ್ ಗೆರೆಯ ಕೆಳಗಿದೆಯೋ ಮೇಲಿದೆಯೋ ಎಂದು ಕೇಳುತ್ತಾರೆ. ಕರಾರಿನಲ್ಲಿ ‘ಇಲ್ಲಿ ಏನೂ ಬರೆಯಬೇಡಿ’ ಎಂದು ಹೇಳಿ, ಬರೆದವರನ್ನು ಯಂತ್ರವೇ ತಡೆದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ.

ಕೈಪಿಡಿಯೇ ಯಂತ್ರ ಎಂಬ ವಿಚಾರಕ್ಕೆ ಅತಿ ಬಲವಾದ ಸಾಕ್ಷಿ ಸಿಕ್ಕಿದ್ದು ಐಬಿಎಂನ ಹೊರಗೆ. ಆಮ್ಡಾಲ್ ಅವರು 1970ರಲ್ಲಿ ಕಂಪನಿ ಬಿಟ್ಟು ತಮ್ಮದೇ ಕಂಪನಿ ಕಟ್ಟಿದರು. 1975ರಲ್ಲಿ ಅವರ 470ವಿ/6 ಯಂತ್ರ ಐಬಿಎಂನ ಸಾಫ್ಟ್‌ವೇರನ್ನೇ ಓಡಿಸುತ್ತ ಹೊರಬಂತು. ಒಳಗಿನ ರಚನೆ ಸಂಪೂರ್ಣ ಬೇರೆ. ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರದೇಶಗಳು 360ರ ಮಾದರಿಯಲ್ಲೇ ಇಎಸ್ ಸರಣಿಯ ಯಂತ್ರಗಳನ್ನು ತಯಾರಿಸಿದವು. 1999ರಲ್ಲಿ ರೋಜರ್ ಬೌಲರ್ ಎಂಬವರು ಹರ್ಕ್ಯುಲಿಸ್ ಎಂಬ ಮುಕ್ತ ತಂತ್ರಾಂಶ ಹೊರತಂದರು. ಅದು ಸಾಮಾನ್ಯ ಪಿಸಿಯನ್ನೇ 360ರ ಮುಂದಿನ ಪೀಳಿಗೆಯಾದ 370 ಆಗಿ ವರ್ತಿಸುವಂತೆ ಮಾಡುತ್ತದೆ.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಗೆ 1970ರ ದಶಕದ ಆರಂಭದಲ್ಲಿ ಬಂದ ಕಂಪ್ಯೂಟರ್ ಇದೇ ವಂಶದ ಮಾದರಿ 44. ಆದರೆ ಅದು ಸ್ವಲ್ಪ ಬೇರೆ ದಾರಿ ಹಿಡಿದ ಸದಸ್ಯ: ವೈಜ್ಞಾನಿಕ ಲೆಕ್ಕದ ವೇಗಕ್ಕಾಗಿ ಅದರ ಸರ್ಕ್ಯೂಟುಗಳಿಂದ ದಶಮಾಂಶದ ಆದೇಶಗಳನ್ನು ಕೈಬಿಟ್ಟಿದ್ದರು. ವ್ಯಾಪಾರದ ಆ ಭಾಗದ ಜೊತೆ ಬೆಂಗಳೂರಿನ ನಂಟು ಬೆಳೆದದ್ದು ಎರಡು ದಶಕಗಳ ನಂತರ, 2000ದ ಇಸವಿಯ ಸಮಸ್ಯೆಯ ಮೂಲಕ. ಮೆಮೊರಿ ಉಳಿಸಲು ವರ್ಷವನ್ನು ಎರಡೇ ಅಂಕಿಗಳಲ್ಲಿ ಬರೆದಿದ್ದ ಅಮೆರಿಕ, ಯೂರೋಪಿನ ಕೋಬಾಲ್ ಭಾಷೆಯ ಪ್ರೋಗ್ರಾಂಗಳು ಇಲ್ಲಿನ ಕಂಪನಿಗಳಿಗೆ ಬಂದವು. ಕರ್ನಾಟಕದ ಊರೂರುಗಳ ಎಂಜಿನಿಯರಿಂಗ್ ಕಾಲೇಜುಗಳಿಂದ ಬಂದ ಹುಡುಗ ಹುಡುಗಿಯರು ತಾವು ಹುಟ್ಟುವ ಮೊದಲು ಬರೆದ ಸಾಲುಗಳನ್ನು ಒಂದೊಂದಾಗಿ ಓದಿ ತಿದ್ದಿದರು. ಅದನ್ನು ಕೂಲಿ ಕೆಲಸವೆಂದು ಹಗುರಾಗಿ ಮಾತಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೇರೆಯವರು ಎಂದೋ ಬರೆದ ಪ್ರೋಗ್ರಾಮನ್ನು ಓದಿ, ಅದರೊಳಗಿನ ವ್ಯವಹಾರದ ನಿಯಮವನ್ನು ಗ್ರಹಿಸಿ, ಉಳಿದದ್ದೇನೂ ಅಲುಗದಂತೆ ಎರಡು ಅಂಕಿ ಸೇರಿಸುವುದಕ್ಕೆ ಬಹಳ ಶ್ರದ್ಧೆ ಬೇಕು. ಆ ಮಂದಿಗೆಲ್ಲ ‘ಎಸ್ ಝೀರೋ ಸಿ ಸೆವೆನ್’ ಗೊತ್ತು: ಅಂಕಿಯ ಜಾಗದಲ್ಲಿ ಅಂಕಿಯಲ್ಲದ್ದು ಬಂದಾಗ ಪ್ರೋಗ್ರಾಂ ಕುಸಿದು ತೋರಿಸುವ ಸಂಕೇತ. ಕೊನೆಯ ಆ 7, 1964ರ ಕೈಪಿಡಿಯ ಕಾರಣ ಸಂಖ್ಯೆಯೇ.

ಇದೇ ವಂಶದ ಯಂತ್ರಗಳಿಗಾಗಿ 2021ರಲ್ಲಿ ಐಬಿಎಂ ಪರಿಚಯಿಸಿದ ಟೆಲಮ್ ಚಿಪ್‌ನಲ್ಲಿ ಎಂಟು ಕೋರ್‌ಗಳಿವೆ, ಸುಮಾರು 2,250 ಕೋಟಿ ಟ್ರಾನ್ಸಿಸ್ಟರುಗಳಿವೆ. ಕಾರ್ಡು ಉಜ್ಜಿದ ಗಿರಾಕಿ ಕಾಯುತ್ತಿರುವಾಗಲೇ ಆ ವ್ಯವಹಾರ ಮೋಸದ್ದೋ ಅಲ್ಲವೋ ಎಂದು ಅಂದಾಜು ಮಾಡಬಲ್ಲ ಕೃತಕ ಬುದ್ಧಿಮತ್ತೆಯ ಘಟಕವನ್ನೂ ಅದೇ ಚಿಪ್ಪಿನೊಳಗೆ ಕೂರಿಸಿದ್ದಾರೆ. ಎಪಿ ಆದೇಶವೂ ಅದರಲ್ಲಿದೆ, ಅದೇ ಎಫ್ಎ ಸಂಕೇತದೊಡನೆ. ಕಂಪ್ಯೂಟರ್ ಆರ್ಕಿಟೆಕ್ಚರ್ ಪಾಠ ಮಾಡುವ ನಮ್ಮ ಕಾಲೇಜುಗಳು ಇದಕ್ಕಾಗಿ ಒಂದು ಪ್ರಯೋಗದ ತರಗತಿಯನ್ನಾದರೂ ಕೊಡಲಿ ಎಂಬುದು ನನ್ನ ಆಸೆ. ಹರ್ಕ್ಯುಲಿಸ್‌ಗೆ ಹಣ ಕೊಡಬೇಕಿಲ್ಲ, ಅದರಲ್ಲಿ ಓಡಿಸಲು 1980ರ ಸುಮಾರಿನ ಎಂವಿಎಸ್ ಆಪರೇಟಿಂಗ್ ಸಿಸ್ಟಮ್ ಸಿಗುತ್ತದೆ, ಕೈಪಿಡಿಗಳು ಅಂತರಜಾಲದಲ್ಲಿವೆ. ವಿದ್ಯಾರ್ಥಿ ಎರಡು ಮೊತ್ತಗಳನ್ನು ಎಪಿಯಿಂದ ಕೂಡಿಸಲಿ, ಮೆಮೊರಿಯಲ್ಲಿ ಉತ್ತರದ ಕೊನೆಯ ‘ಸಿ’ಯನ್ನು ಕಣ್ಣಾರೆ ನೋಡಲಿ. ಆಮೇಲೆ ಬೇಕೆಂದೇ ಒಂದು ಅಂಕಿಯನ್ನು ಕೆಡಿಸಿ ಮತ್ತೊಮ್ಮೆ ಓಡಿಸಲಿ, ಬಂದ ಸಂಖ್ಯೆಯನ್ನು ಹಿಡಿದು ಕೈಪಿಡಿಯಲ್ಲಿ ಅದರ ಪುಟ ಹುಡುಕಲಿ.